ರಾಜಣ್ಣ ಹುಡುಕಿಕೊಟ್ಟ ನನ್ನ ಕುಂದು

ಗೆಳೆಯರೇ, ನನ್ನ ಎಂಬಿಎ ಅರ್ಜಿ ಇವತ್ತು ಹಾಲಿನ ಡೈರಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಬಿಎ ಮುಗಿದ ಮೇಲೆ ಒಂದು ವರ್ಷ ನಾನು ಕೆಲಸ ಮಾಡಿದ್ದು ಶಾಂತಿಗ್ರಾಮದ ಹತ್ತಿರದ ನಮ್ಮೂರ ಡೈರಿಯಲ್ಲಿ. ಹಾಗಾಗಿ ನನಗೆ ಶಿಫಾರಸು ಬರೆಯಬೇಕಾದವರು ಅಲ್ಲಿನ ಕಾರ್ಯದರ್ಶಿ ರಾಜಣ್ಣ. ಇವತ್ತೇ ಕೊನೆಯ ದಿನ. ಅವರ ಫೋನಿಗೆ ಬಂದ ಶಿಫಾರಸು ಫಾರಂನಲ್ಲಿ ಎಲ್ಲ ತುಂಬಿಯಾಗಿತ್ತು, 'ಅಭ್ಯರ್ಥಿಯ ದೌರ್ಬಲ್ಯ' ಎಂಬ ಜಾಗ ಮಾತ್ರ ಖಾಲಿ. ಅದನ್ನು ತುಂಬದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

"ಎಣ್ಮಗಳ ಮ್ಯಾಲೆ ನನ್ ಕೈಯಾರೆ ಕುಂದು ಬರೆಯಾದಾ? ನಾಳೆ ಗಂಡಿನ ಕಡೆಯೋರು ವಿಚಾರಿಸ್ಕಂಡು ಬಂದ್ರೆ?" ಎಂದರು ರಾಜಣ್ಣ.

"ಅವರಿಗೆ ಇದು ಕಾಣಲ್ಲ, ರಾಜಣ್ಣ."

"ಫೋನಲ್ಲಿ ಬರ್ದದ್ದು ಯಾರ್ಗವ್ವ ಕಾಣಾಕಿಲ್ಲ?"

ಕೊನೆಗೆ ನಾನೇ ಒಂದು ಕುಂದು ಹೇಳಿಕೊಟ್ಟೆ. "ಇನ್ನೊಬ್ಬರ ಕೈಲಿ ಕೆಲಸ ಮಾಡಿಸೋಕೆ ಬರಲ್ಲ ಅಂತ ಬರೀರಿ."

"ಸುಳ್ಳು ಬರೆಯಾಕಿಲ್ಲ ಕಣವ್ವ. ಹಾಲು ಅಳೆಯಾದು ಬುಟ್ಟು ಬೆಳಿಗ್ಗೆಯಿಂದ ನಾನೇನ್ ಮಾಡ್ತಾ ಕುಂತಿವ್ನಿ?"

ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿದೆ. ಅದನ್ನು ನೋಡಿಯೇ ಅವರಿಗೆ ಹೊಳೆದಿರಬೇಕು, 'ಮಾತು ಬಹಳ ಕಡಿಮೆ' ಎಂದು ಬರೆದು ಕಳುಹಿಸಿಯೇಬಿಟ್ಟರು.

"ಇದಾದ್ರೆ ಗಂಡಿನ ಕಡೆಯೋರು ನೋಡಿದ್ರೂ ಖುಷಿ ಪಡ್ತರೆ!"

ಅಂತೂ ಅರ್ಜಿ ಹೋಯಿತು. ಇನ್ನು ಎಂಬಿಎ ಕಾಲೇಜಿನ ಗ್ರೂಪ್ ಡಿಸ್ಕಷನ್‌ನಲ್ಲಿ ನಾನು ಬಾಯಿ ತೆರೆದರೆ ರಾಜಣ್ಣ ಸುಳ್ಳು ಬರೆದಂತಾಗುತ್ತದೆ, ತೆರೆಯದಿದ್ದರೆ ಸೀಟು ಸಿಗುವುದಿಲ್ಲ.