ಅಣ್ಣನ ಕೈಯ ರೊಟ್ಟಿ

"ದೇವರು ಮನುಷ್ಯರ ಕಾಲು ತೊಳಿಯುದುಂಟಾ ಮಾರಾಯ?" ಕೋಡಿಂಬಾಳದ ರಬ್ಬರ್ ತೋಟದಲ್ಲಿ ನನ್ನ ಜೊತೆ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡುವ ಹಮೀದ್ ನಗುತ್ತಾ ಕೇಳಿದ. ಅಂದು ನಮ್ಮ ಪೆಸಹಾ ಗುರುವಾರ, ಯೇಸುಸ್ವಾಮಿ ಕೊನೆಯ ಊಟದ ಹೊತ್ತಿಗೆ ಶಿಷ್ಯರ ಕಾಲು ತೊಳೆದ ದಿನ. ಮಂಜಿನಲ್ಲಿ ಮರಗಳು ತೇಲುವಂತೆ ಕಾಣುತ್ತಿದ್ದವು.

ನಾನು ಹೆಚ್ಚು ಓದಿದವನಲ್ಲ. ಆದರೂ ಬಿಡಲಿಲ್ಲ. "ತನ್ನನ್ನು ವೈರಿಗಳಿಗೆ ಹಿಡಿದುಕೊಟ್ಟ ಶಿಷ್ಯನ ಕಾಲನ್ನೂ ಯೇಸುಸ್ವಾಮಿ ತೊಳೆದರು. ಅಷ್ಟು ಬಗ್ಗುವವನೇ ನಮ್ಮ ದೇವರು" ಎಂದೆ.

ಹಮೀದ್ ಕತ್ತಿ ನಿಲ್ಲಿಸಿದ. "ನಾನು ಒಪ್ಪುದಿಲ್ಲ. ಆದ್ರೆ ಚಂದ ಉಂಟು. ಹಾಗಾದ್ರೆ ಇವತ್ತು ಅಣ್ಣನ ಮನೆಗೆ ಹೋಗ್ತಿಯಲ್ಲ?"

ರಬ್ಬರ್ ಹಾಲು ಬಟ್ಟಲಿಗೆ ತೊಟ್ಟಿಕ್ಕುತ್ತಲೇ ಇತ್ತು. ಪೆಸಹಾದ ಸಂಜೆ ಹಿಟ್ಟು ಹುಳಿ ಬರಿಸದೆ ಮಾಡಿದ ರೊಟ್ಟಿಯನ್ನು ಮನೆಯ ಹಿರಿಯ ಮುರಿದು ಎಲ್ಲರಿಗೂ ಕೊಡಬೇಕು; ನಮ್ಮಲ್ಲಿ ಹಿರಿಯ ಅಣ್ಣನೇ. ನಮ್ಮಿಬ್ಬರ ಜಾಗದ ನಡುವಿನ ಬೇಲಿಯ ಜಗಳವಾದ ಮೇಲೆ ನಾನು ಅಣ್ಣನ ಮುಂದೆ ಕೈಯೊಡ್ಡಿಲ್ಲ. ಆ ಸಂಜೆಯೂ ಅಣ್ಣನ ಗೇಟಿನವರೆಗೆ ಹೋಗಿ, ಜಗಲಿಯಲ್ಲಿ ಉರಿಯುತ್ತಿದ್ದ ದೀಪ ನೋಡಿ ತಿರುಗಿ ಬಂದೆ.

ಹಮೀದ್ ಈಗಲೂ ನನ್ನ ದೇವರ ಬಗ್ಗೆ ಕೇಳುತ್ತಾನೆ. ಉತ್ತರ ಹೇಳಹೊರಟರೆ ಅಣ್ಣನ ಜಗಲಿಯ ದೀಪ ಕಣ್ಣಮುಂದೆ ಬರುತ್ತದೆ.