ತಾಯಿಯ ಹೆಸರಲ್ಲಿ ಒಂದು ಅರ್ಜಿ

ಜೀವನಾಂಶವನ್ನು ಆರು ಸಾವಿರದಿಂದ ಎರಡು ಸಾವಿರಕ್ಕೆ ಇಳಿಸಬೇಕೆಂದು ಮಾಜಿ ಗಂಡ ಭೀಮರಾಜ್ ಅರಸೀಕೆರೆ ಕೋರ್ಟಿಗೆ ಹಾಕಿದ ಅರ್ಜಿಯನ್ನು ಮಂಜುಳಾ ಹಗರೆಯ ಹಾಲಿನ ಡೇರಿಯಲ್ಲಿ ಕೂತು ಓದಿದಳು. ವಿಚ್ಛೇದನವಾಗಿ ಐದು ವರ್ಷವಾಗಿತ್ತು. ಅವನು ಸರ್ಕಾರಿ ಗುಮಾಸ್ತ. ಅಷ್ಟರಲ್ಲಿ ಸಂಬಳ ಏರಿತ್ತು, ಕಾರು ಬಂದಿತ್ತು. ಇವಳಿಗೆ ಸಿಕ್ಕಿದ್ದು ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ. ಅದನ್ನೇ ಅವನು ಮೊದಲ ಕಾರಣವಾಗಿ ಬರೆಸಿದ್ದ. ಎರಡನೆಯದನ್ನು ಓದಿದಾಗ ಅವಳಿಗೆ ಸಿಟ್ಟು ಕೂಡ ಬರಲಿಲ್ಲ, ಹೇಸಿಗೆಯಾಯಿತು. ಹೃದ್ರೋಗಿ ತಾಯಿಯನ್ನು ತಾನೇ ಸಾಕುತ್ತಿದ್ದಾನಂತೆ. ಆಕೆಯ ಔಷಧಿಗೇ ತಿಂಗಳಿಗೆ ಐದು ಸಾವಿರ ಹೋಗುತ್ತದಂತೆ.

ಆ ತಾಯಿ ರುದ್ರಮ್ಮ ಎರಡು ವರ್ಷದಿಂದ ಮಂಜುಳಾಳ ಮನೆಯಲ್ಲೇ ಇದ್ದಳು. ಮಗ ಇನ್ನೊಂದು ಮದುವೆಯಾದ ಮೇಲೆ ಒಂದು ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಬಸ್ಸಿಳಿದವಳು, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದಿದ್ದಳು. ಮಂಜುಳಾಳನ್ನು ಎಂದೂ ಹೊಗಳಿದವಳಲ್ಲ; ಈಗಲೂ ಸಾರಿನ ಉಪ್ಪಿಗೆ ಜಗಳ ತೆಗೆಯುತ್ತಿದ್ದಳು.

ಮುದುಕಿಯನ್ನೇ ಸಾಕ್ಷಿಗೆ ಕರೆಸೋಣ ಎಂದರು ವಕೀಲೆ ಚಿತ್ರಾ. ಮಂಜುಳಾ ಒಪ್ಪಲಿಲ್ಲ. ಹೆತ್ತವಳನ್ನು ಮಗನ ವಿರುದ್ಧ ಕಟಕಟೆ ಹತ್ತಿಸುವಷ್ಟು ಕೀಳಾಗಲು ತಾನೇನು ಭೀಮರಾಜನೇ? ಆದರೆ ಅರ್ಜಿಯ ಸಂಗತಿ ಕಿವಿಗೆ ಬಿದ್ದ ರುದ್ರಮ್ಮ, ವಿಚಾರಣೆಯ ದಿನ ಒಳ್ಳೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬತ್ತೀನಿ ಕಣೇ. ನನ್ ಹೆಸ್ರಲ್ಲಿ ಅವ್ನು ಸುಳ್ಳೇಳಿದ್ರೆ ಸುಮ್ಕಿರ್ಲಾ?"

ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ ಹೋದರು. ಭೀಮರಾಜ್ ಗಡ್ಡ ಬಿಟ್ಟು, ಮಾಸಿದ ಅಂಗಿ, ಸವೆದ ಹವಾಯಿ ಚಪ್ಪಲಿಯಲ್ಲಿ ಬಂದಿದ್ದ. ಬೆರಳಿನ ಚಿನ್ನದುಂಗುರ ತೆಗೆಯಲು ಮಾತ್ರ ಮರೆತಿದ್ದ. ಬಡವನ ವೇಷವನ್ನು ನೆಟ್ಟಗೆ ಹಾಕುವಷ್ಟು ಬುದ್ಧಿಯೂ ಇಲ್ಲದ ಇವನಿಗೆ ಒಂಬತ್ತು ವರ್ಷ ತಲೆ ತಗ್ಗಿಸಿ ಬಡಿಸಿದೆನಲ್ಲ ಎಂದು ಮಂಜುಳಾಗೆ ತನ್ನ ಮೇಲೆಯೇ ತಾತ್ಸಾರವಾಯಿತು. ತಾಯಿಯನ್ನು ಕಂಡದ್ದೇ ಅವನು ವಕೀಲನ ಬೆನ್ನ ಹಿಂದೆ ಸರಿದ.

ಮಂಜುಳಾ ತನ್ನ ಸಂಬಳವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ರುದ್ರಮ್ಮನ ಸರದಿ. ಔಷಧಿ ಯಾರು ಕೊಡಿಸುತ್ತಾರೆಂದು ನ್ಯಾಯಾಧೀಶರು ಕೇಳಿದರು.

"ಅವ್ನು ಒಂದ್ ಗುಳಿಗೆ ತಂದ್ಕೊಟ್ಟಿಲ್ಲ ಸ್ವಾಮಿ. ಅನ್ನ, ಔಷ್ದಿ ಎಲ್ಲಾ ಇವ್ಳ್ದೇ."

ಅರ್ಜಿ ವಜಾ ಆಯಿತು. ಬೆನ್ನಿಗೇ ಚಿತ್ರಾ ಜೀವನಾಂಶ ಹೆಚ್ಚಿಸಲು ಅರ್ಜಿ ಹಾಕಿದರು. ಆಗ ಭೀಮರಾಜ್ ಕೋರ್ಟಿನ ಮೆಟ್ಟಿಲ ಬಳಿ ಮಂಜುಳಾಳನ್ನು ತಡೆದು, ಅರ್ಜಿ ವಾಪಸ್ ತೆಗೆದುಕೊಂಡರೆ ಅವ್ವನನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದ, ದೊಡ್ಡ ಉಪಕಾರ ಮಾಡುವವನಂತೆ.

"ಅವ್ವ ಏನ್ ಎಮ್ಮೆನಾ, ವ್ಯಾಪಾರ ಕುದುರ್ಸೋಕೆ? ದಾರಿ ಬಿಡಿ," ಎಂದಳು ಮಂಜುಳಾ.

ಅವನ ಸಂಬಳದ ಚೀಟಿ ತರಿಸಿ ನೋಡಿದ ಕೋರ್ಟು ಜೀವನಾಂಶವನ್ನು ಒಂಬತ್ತು ಸಾವಿರಕ್ಕೆ ಏರಿಸಿತು. ಅಂದೂ ಜೊತೆಗೆ ಹೋಗಿದ್ದ ರುದ್ರಮ್ಮ ವಾಪಸ್ ಬರುವಾಗ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗ ಸೊರಗಿಹೋಗಿದ್ದಾನೆ ಎಂದಳು. ಅವನ ಮಾತೆತ್ತಿ ಬಾಯಿ ಹೊಲಸು ಮಾಡಿಕೊಳ್ಳುವುದು ಮಂಜುಳಾಗೆ ಬೇಡವಾಗಿತ್ತು.