ಜೋಡಿ ಅಭ್ಯಾಸ

ಬಹಳ ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಈ ಮೇಡಂ, ನಲವತ್ತು ದಾಟಿದ ಮೇಲೆ ಮತ್ತೆ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಸೇರಿದ್ದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯ ಸ್ನಾತಕೋತ್ತರ ತರಬೇತಿಗೆ. ಕಾಡುವ ಯೋಚನೆಯನ್ನು ಹಿಡಿದು ಪರೀಕ್ಷಿಸಿ, ನಡವಳಿಕೆಯನ್ನು ಮೆಲ್ಲಗೆ ಬದಲಿಸುವ ಚಿಕಿತ್ಸೆ ಅದು. "ಮಗಳ ಜೊತೆ ನೀನೂ ಓದ್ಕೋ, ಅಡುಗೆ ಹಾಳು ಮಾಡೋಕೆ ನಾನಿದೀನಿ" ಎಂದು ಗಂಡ ಒಪ್ಪಿದ್ದರು.

ಅಲ್ಲಿ ವಿದ್ಯಾರ್ಥಿಗಳು ಮೊದಲು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿ ಕಲಿಯುತ್ತಾರೆ. ಒಬ್ಬರು ಥೆರಪಿಸ್ಟ್, ಇನ್ನೊಬ್ಬರು ಚಿಕಿತ್ಸೆಗೆ ಬಂದ ಕ್ಲೈಂಟ್. ಸಣ್ಣದಾದರೂ ನಿಜವಾದ ತೊಂದರೆಯನ್ನೇ ತರಬೇಕು. ಹೇಳಿದ್ದು ಆ ಕೋಣೆ ದಾಟಬಾರದು. ಮೇಡಂಗೆ ಜೋಡಿಯಾಗಿ ಸಿಕ್ಕವಳು ಒಬ್ಬ ಹಾಸ್ಟೆಲ್ ಹುಡುಗಿ. ಅಕ್ಕಾ ಎಂದೇ ಕರೆಯುತ್ತಿದ್ದಳು, ಅವರ ಊಟದ ಡಬ್ಬಿಗೇ ಕೈ ಹಾಕುತ್ತಿದ್ದಳು.

ಕಿಟಕಿಯಿಲ್ಲದ ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ. ಮೇಡಂ ದೊಡ್ಡದನ್ನೇ ಹೇಳಿಕೊಂಡರು. ಮೊದಲ ಮಗು ತೊಟ್ಟಿಲಲ್ಲಿ, ನಿದ್ದೆಯಲ್ಲೇ ಹೋಗಿತ್ತು. ಆಮೇಲೆ ಹುಟ್ಟಿದ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಆದರೂ ಅವಳು ಮಲಗಿದರೆ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡದೆ ಇವರಿಗೆ ಸಮಾಧಾನವಿಲ್ಲ. ಗಂಡನ ಹೊರತು ಯಾರಿಗೂ ಗೊತ್ತಿರದ ಸಂಗತಿ. ಹುಡುಗಿ ಅವರ ಕೈ ಹಿಡಿದುಕೊಂಡು ಕೇಳಿಸಿಕೊಂಡಳು.

ಮುಂದಿನ ತಿಂಗಳು ಕೇಸ್ ಮಂಡನೆ: ಆಸ್ಪತ್ರೆಯಲ್ಲಿ ತಾವು ನೋಡಿದ ಒಬ್ಬ ಕ್ಲೈಂಟ್ ಬಗ್ಗೆ ಪ್ರತಿಯೊಬ್ಬರೂ ತರಗತಿಯೆದುರು ಹೇಳಬೇಕು. ಹುಡುಗಿಗೆ ಕೊಟ್ಟಿದ್ದ ಕ್ಲೈಂಟ್ ಬರುವುದನ್ನೇ ಬಿಟ್ಟಿದ್ದರು. ಅವಳು ಪರದೆಯ ಮೇಲೆ ಬಾಣಗಳಿದ್ದ ಚಿತ್ರವೊಂದನ್ನು ತೋರಿಸಿದಳು: ಭಯ, ಬೆರಳು, ಉಸಿರು, ಸಮಾಧಾನ, ಮತ್ತೆ ಭಯ.

"ನಲವತ್ತು ದಾಟಿದ ಮಹಿಳೆ. ಶಿಕ್ಷಕಿ. ಒಬ್ಬ ಮಗ."

ಬದಲಿಸಿದ್ದು ಅದೊಂದೇ, ಮಗಳನ್ನು ಮಗನಾಗಿಸಿದ್ದು. ಆ ತರಗತಿಯಲ್ಲಿ ಶಿಕ್ಷಕಿಯಾಗಿದ್ದವರು ಒಬ್ಬರೇ. ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಪರದೆಯನ್ನೇ ನೋಡುತ್ತಿದ್ದ ಪ್ರಾಧ್ಯಾಪಕರು ಬಹಳ ಅಚ್ಚುಕಟ್ಟಾಗಿದೆ ಎಂದರು.

ಹೊರಗೆ ಕಾರಿಡಾರಿನಲ್ಲಿ ಹುಡುಗಿ ಓಡಿ ಬಂದಳು.

"ಅಕ್ಕಾ, ನಿಮ್ಮ ಹೆಸರು ಹೇಳಿಲ್ವಲ್ಲ."

"ಇನ್ನೇನು, ಫೋಟೋನೂ ಹಾಕ್ಬೇಕಿತ್ತಾ?"

"ನನ್ನ ಕೇಸ್ ಕೈಕೊಡ್ತು. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ಅದು ನಿಂಗೂ ಗೊತ್ತಿತ್ತು."

ಮೇಡಂ ದೂರು ಕೊಡಲಿಲ್ಲ. ಕೊಟ್ಟರೆ ಅದೇ ಕಥೆಯನ್ನು ಇನ್ನಷ್ಟು ಜನರೆದುರು ಮತ್ತೊಮ್ಮೆ ಹೇಳಬೇಕಿತ್ತು. ಜೋಡಿ ಮಾತ್ರ ಬದಲಿಸಿಕೊಂಡರು. ಹೊಸದಾಗಿ ಸಿಕ್ಕವರು ಬ್ಯಾಂಕಿನ ಕೆಲಸ ಬಿಟ್ಟು ಬಂದ ಮಹಿಳೆ, ಮೆದು ಮಾತಿನವರು.

"ನಿಮ್ಮನ್ನ ಕಾಡ್ತಿರೋದು ಏನು, ಮೇಡಂ?"

"ಜಿರಳೆ" ಎಂದರು ಮೇಡಂ.

ಮನೆಯಲ್ಲಿ ಜಿರಳೆ ಕಂಡರೆ ಅಪ್ಪ ಮಗಳು ಇಬ್ಬರೂ ಕೂಗಿ ಕರೆಯುವುದು ಇವರನ್ನೇ. ಆ ಇಲ್ಲದ ಭಯದ ಬಗ್ಗೆ ಅವರು ಎಲ್ಲೂ ತಡವರಿಸದೆ ಮಾತಾಡಿದರು. ಎದುರಿಗಿದ್ದವರು ಕೈ ಹಿಡಿದುಕೊಳ್ಳಲು ಬಂದಾಗ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡರು.